ಅವರಿಗೆ ಆಟಿ ಇಲ್ವಾ?

ಉತ್ತರ ಧ್ರುವದ ಕಡಲಿಗೆ ಮತ್ತೆ ಏಲಂ ಯೋಗ ಬಂದಿದೆ. 2025ರ ನವೆಂಬರಿನಲ್ಲಿ ಅಮೆರಿಕ ಸರ್ಕಾರ ಹೊರಡಿಸಿದ ಕರಡು ಯೋಜನೆಯಲ್ಲಿ ಕಡಲ ತಳದ ಎಣ್ಣೆ ತೆಗೆಯುವ ಹಕ್ಕಿಗೆಂದು ಒಟ್ಟು 34 ಏಲಂ. ಅದರಲ್ಲಿ 21 ಅಲಾಸ್ಕಾದ ನೀರಿಗೇ. ಸುದ್ದಿ ನೀವೆಲ್ಲ ಓದಿದ್ದೀರಿ, ಮತ್ತೆ ಹೇಳುವುದಿಲ್ಲ. ಓದಿದ ಕೂಡಲೇ ನನಗೆ ಬಂದದ್ದು ಗೌರವ. ಅದೇ ಕಡಲಿನಲ್ಲಿ ಸುಮಾರು 700 ಕೋಟಿ ಡಾಲರ್ ಕಳೆದುಕೊಂಡು ಶೆಲ್ ಕಂಪನಿ ಎದ್ದು ಹೋಗಿ ಹತ್ತು ವರ್ಷ ಆಯಿತಷ್ಟೆ. ಹತ್ತೇ ವರ್ಷದಲ್ಲಿ ಎಲ್ಲ ಮರೆಯಬೇಕಾದರೆ ಮನಸ್ಸು ಎಷ್ಟು ಹಗುರ ಇರಬೇಕು! ನಾವು ಕಾಸರಗೋಡಿನವರು, ನಮ್ಮನ್ನು ಕೇರಳಕ್ಕೆ ಸೇರಿಸಿದ 1956ನ್ನು ಇವತ್ತಿಗೂ ಮರೆತಿಲ್ಲ.

ಸರ್ಕಾರಕ್ಕಿರುವ ಉತ್ಸಾಹ ಕಂಪನಿಗಳಿಗೂ ಇದೆಯೋ ಎಂಬುದು ಬೇರೆ ಮಾತು. ಅಲ್ಲೇ ದಡದ ಮೇಲಿರುವ ವನ್ಯಜೀವಿ ಧಾಮದ ನೆಲವನ್ನು 2025ರ ಜನವರಿಯಲ್ಲಿ ಏಲಂಗೆ ಇಟ್ಟಾಗ ಒಬ್ಬನೂ ಕೂಗಲಿಲ್ಲ. ಅಷ್ಟು ಅವಮಾನ ಆದರೂ ಅಂಗಡಿ ಮುಚ್ಚದೆ, ಇನ್ನೂ 34 ಸಲ ಕೂಗುತ್ತೇವೆ ಅನ್ನುವವರ ಧೈರ್ಯ ಮೆಚ್ಚಬೇಕು.

ಶೆಲ್ ಕತೆಯಲ್ಲಿ ನನಗೆ ತೀರಾ ಆಪ್ತ ಅನಿಸುವುದು ಕುಲ್ಲುಕ್ ಎಂಬ ರಿಗ್ಗಿನ, ಅಂದರೆ ಕಡಲಿನಲ್ಲಿ ಎಣ್ಣೆ ಬಾವಿ ಕೊರೆಯುವ ತೇಲುಕಟ್ಟೆಯ ಪ್ರಸಂಗ. ದುಂಡಗೆ ಇತ್ತು, ಸುಮಾರು 81 ಮೀಟರ್ ಅಗಲ. ತಾನಾಗಿ ಚಲಿಸುವ ಶಕ್ತಿ ಇಲ್ಲ, ಎಲ್ಲಿಗೆ ಹೋಗಬೇಕಾದರೂ ಇನ್ನೊಂದು ಹಡಗು ಎಳೆಯಬೇಕು. 2012ರ ಡಿಸೆಂಬರಿನಲ್ಲಿ ಅದು ಅಲಾಸ್ಕಾದ ಡಚ್ ಹಾರ್ಬರ್‌ನಲ್ಲಿ ಕೂತಿತ್ತು. ಜನವರಿ 1ಕ್ಕೂ ಅಲ್ಲೇ ಇದ್ದರೆ ಅಲಾಸ್ಕಾ ರಾಜ್ಯಕ್ಕೆ ಸುಮಾರು 60 ಲಕ್ಷ ಡಾಲರ್ ತೆರಿಗೆ ಕಟ್ಟಬೇಕಾದೀತು ಎಂಬ ಲೆಕ್ಕ ಕಂಪನಿಯದು. ಹೊರಡಲು ಅದೂ ಒಂದು ಕಾರಣ ಎಂದು ಅಮೆರಿಕದ ಕರಾವಳಿ ಕಾವಲು ಪಡೆಯ ತನಿಖಾ ವರದಿಯೇ 2014ರಲ್ಲಿ ಹೇಳಿತು.

ಗಡಿಯ ತಲಪಾಡಿ ದಾಟಿ ಪೆಟ್ರೋಲ್ ಹಾಕಿಸಿಕೊಂಡು ಬರುವ ನಮಗೆ ಇದೆಲ್ಲ ಹೊಸತಾ? ಕೇರಳದಲ್ಲಿ ಲೀಟರಿಗೆ ನಾಲ್ಕು ಕಾಸು ಜಾಸ್ತಿ. 2023ರ ಬಜೆಟ್ಟಿನಲ್ಲಿ ಎರಡು ರೂಪಾಯಿ ಸೆಸ್ ಸೇರಿದ ಮೇಲಂತೂ ಹೊಸಂಗಡಿ, ಮಂಜೇಶ್ವರದ ಗಾಡಿಗಳಿಗೆ ಕರ್ನಾಟಕದ ಬಂಕೇ ತವರು. ಕುಂಬಳೆಯಿಂದ ಅಲ್ಲಿಗೆ ಹೋಗಿ, ಉಳಿಸಿದ ದುಡ್ಡನ್ನೆಲ್ಲ ಹೋಗಿ ಬರುವುದಕ್ಕೇ ಸುಟ್ಟವರೂ ನಮ್ಮಲ್ಲಿದ್ದಾರೆ. ಹಾಗಾಗಿ ಶೆಲ್‌ನವರನ್ನು ಬೈಯಲು ನಮಗೆ ಬಾಯಿಲ್ಲ. ಒಂದೇ ಒಂದು ವ್ಯತ್ಯಾಸ. ಬಿರುಗಾಳಿಯ ದಿನ, ಎಂಜಿನ್ ಇಲ್ಲದ ಗಾಡಿಯನ್ನು ಹಗ್ಗ ಕಟ್ಟಿ ಎಳೆದುಕೊಂಡು ನಾವು ತಲಪಾಡಿಗೆ ಹೋಗುವುದಿಲ್ಲ.

ಅವರು ಹೋದರು. ಡಿಸೆಂಬರ್ 21ಕ್ಕೆ ಹೊರಟರು. ಎಳೆಯಲು ಐವಿಕ್ ಎಂಬ ಹೊಚ್ಚ ಹೊಸ ಹಡಗು. 27ಕ್ಕೆ ಎಳೆಯುವ ಸಂಪರ್ಕ ಕಡಿದುಹೋಯಿತು. ಸ್ವಲ್ಪ ಹೊತ್ತಿಗೆ ಐವಿಕ್‌ನ ನಾಲ್ಕೂ ಎಂಜಿನ್ ಬಂದ್. 29ಕ್ಕೆ ರಿಗ್ಗಿನಲ್ಲಿದ್ದ 18 ಜನರನ್ನು ಹೆಲಿಕಾಪ್ಟರಿನಲ್ಲಿ ಎತ್ತಿದರು. 31ರ ರಾತ್ರಿ ಊರೆಲ್ಲ ಹೊಸ ವರ್ಷಕ್ಕೆ ಕಾಯುತ್ತಿದ್ದಾಗ ಕುಲ್ಲುಕ್ ಕೊಡಿಯಾಕ್ ಪಕ್ಕದ ಸಿಟ್ಕಲಿಡಾಕ್ ದ್ವೀಪಕ್ಕೆ ಬಡಿದು ಕೂತಿತು. ಜನವರಿ 1 ಬಂತು. ರಿಗ್ಗು ಅಲಾಸ್ಕಾದಲ್ಲೇ ಇತ್ತು.

ಯಾರೂ ಸಾಯಲಿಲ್ಲ, ಎಣ್ಣೆಯೂ ಸೋರಲಿಲ್ಲ, ಅದನ್ನು ಒಪ್ಪಬೇಕು. ಆಮೇಲೆ ರಿಗ್ಗನ್ನು ಚೀನಾಕ್ಕೆ ಸಾಗಿಸಿ ಗುಜರಿಗೆ ಹಾಕಿದರು. ಐವಿಕ್ ಏನಾಯಿತು ಅಂತೀರಾ? ಅವತ್ತು ಹೆಲಿಕಾಪ್ಟರ್ ಕಳಿಸಿದ, ಆಮೇಲೆ ತನಿಖೆ ಮಾಡಿ ವರದಿ ಬರೆದ ಅದೇ ಕರಾವಳಿ ಕಾವಲು ಪಡೆ 2024ರ ಕೊನೆಗೆ 12.5 ಕೋಟಿ ಡಾಲರ್ ಕೊಟ್ಟು ಅದನ್ನು ಕೊಂಡಿತು. ಕೆಂಪು ಬಣ್ಣ ಬಳಿದು, ಸ್ಟೋರಿಸ್ ಎಂದು ಹೆಸರಿಟ್ಟು, 2025ರ ಆಗಸ್ಟಿನಲ್ಲಿ ಮಂಜುಗಡ್ಡೆ ಒಡೆಯುವ ಹಡಗಾಗಿ ಸೇವೆಗೆ ಸೇರಿಸಿಕೊಂಡಿತು. ತಪ್ಪಿಸಲು ಹೊರಟ ತೆರಿಗೆಯ ಇಪ್ಪತ್ತು ಪಟ್ಟು ಬೆಲೆ. ಕೊಟ್ಟದ್ದು ತೆರಿಗೆ ಕಟ್ಟುವ ಜನರ ದುಡ್ಡಿನಿಂದ. ಇದನ್ನು ನಾನೇ ಹೊಸೆದು ಬರೆದಿದ್ದರೆ ಸಂಪಾದಕರು ಅತಿಯಾಯಿತು ಅಂತ ಹೊಡೆದು ಹಾಕುತ್ತಿದ್ದರು.

ಕುಂಬಳೆ ಮಾರ್ಕೆಟ್ಟಿನಲ್ಲಿ ಮೀನು ಮಾರುವ, ಮೊದಲು ಬೋಟಿಗೆ ಹೋಗುತ್ತಿದ್ದ ಹಿರಿಯರೊಬ್ಬರಿಗೆ ಈ ಕತೆ ಹೇಳಿದೆ. ಬೂತಾಯಿ ರಾಶಿ ಮಾಡುತ್ತಲೇ ಪೂರ್ತಿ ಕೇಳಿದರು. "ಮಾಷ್ಟ್ರೇ, ಅವರಿಗೆ ಆಟಿ ಇಲ್ವಾ?" ಅಂದರು. ಆಟಿ ಅಂದರೆ ಮಳೆ ಬಿರುಸಾಗಿ ಬೋಟು ಕಡಲಿಗಿಳಿಯದ ನಮ್ಮ ತುಳು ತಿಂಗಳು. ಇದೆ, ಡಿಸೆಂಬರ್ ಜನವರಿಯೇ ಅವರ ಆಟಿ ಅಂದೆ. "ಮತ್ತೆ ಯಾಕೆ ಇಳಿದದ್ದು?" ತೆರಿಗೆ ಉಳಿಸಲಿಕ್ಕೆ ಅಂದೆ. ಒಮ್ಮೆ ನನ್ನ ಮುಖ ನೋಡಿದರು. "ಸುಮ್ನೆ ಏನಾದ್ರೂ ಹೇಳ್ಬೇಡಿ" ಎಂದು ತಕ್ಕಡಿ ಎತ್ತಿದರು.

ನಂಬುವುದು ಅವರಿಗೆ ಕಷ್ಟವೇ. ಕೇರಳದಲ್ಲಿ ಜೂನ್ 9ರ ನಡುರಾತ್ರಿಯಿಂದ ಜುಲೈ 31ರ ತನಕ 52 ದಿನ ಟ್ರಾಲಿಂಗ್ ನಿಷೇಧ. ಮೀನು ಮರಿ ಮಾಡಲಿ ಎಂಬುದು ಸರ್ಕಾರದ ಕಾರಣ. ಆಟಿಯ ಕಡಲು ಯಾರ ಮಾತೂ ಕೇಳುವುದಿಲ್ಲ ಎಂಬುದು ಅದಕ್ಕಿಂತ ಹಳೆಯ ಕಾರಣ. ದೊಡ್ಡ ಬೋಟೆಲ್ಲ ದಡ ಸೇರುತ್ತದೆ. ಬಲೆ ಹೊಲಿಯುತ್ತಾರೆ, ಸಾಲ ಮಾಡುತ್ತಾರೆ, ಸರ್ಕಾರಕ್ಕೆ ಬೈಯುತ್ತಾರೆ. ಇಳಿಯುವುದಿಲ್ಲ.

ಅಲಾಸ್ಕಾದ ಮೇಲಿರುವ ಚುಕ್ಚಿ ಕಡಲಿನಲ್ಲಿ ಲೆಕ್ಕ ತಿರುಗಾಮುರುಗಾ. ಇಳಿಯಬಹುದಾದದ್ದೇ ಜುಲೈಯಿಂದ ಸೆಪ್ಟೆಂಬರ್ ತನಕ, ಬಹಳ ಅಂದರೆ ಅಕ್ಟೋಬರ್. ಉಳಿದಂತೆ ಮಂಜುಗಡ್ಡೆ. ಚಳಿಗಾಲದಲ್ಲಿ ಸೂರ್ಯನಿಗೂ ರಜೆ. ಡೆಕ್ಕಿಗೆ ಸಿಡಿದ ಅಲೆ ಅಲ್ಲೇ ಹೆಪ್ಪುಗಟ್ಟಿ, ಹಡಗಿನ ಮೇಲ್ಭಾಗ ಭಾರವಾಗಿ, ವಾಲಲು ನೋಡುತ್ತದೆ. ಬೇಸಿಗೆಯಲ್ಲಾದರೂ ಸಲೀಸಾ? 2012ರ ಸೆಪ್ಟೆಂಬರ್ 9ರಂದು ಶೆಲ್ ಅಲ್ಲಿ ಕೊರೆಯಲು ಶುರು ಮಾಡಿತು. ಮರುದಿನವೇ, ಸುಮಾರು 30 ಮೈಲಿ ಉದ್ದದ ಮಂಜಿನ ಹಾಸು ತೇಲಿ ಬರುತ್ತಿದೆ ಎಂದು ಲಂಗರು ಬಿಚ್ಚಿ ಜಾಗ ಖಾಲಿ ಮಾಡಿತು. ವರ್ಷಗಟ್ಟಲೆ ಕೋರ್ಟು, ಪರವಾನಗಿ, ತಯಾರಿ. ಮೊದಲ ಸುತ್ತಿನ ಕೆಲಸ ಒಂದು ದಿನ. ನಮ್ಮ ಹೆದ್ದಾರಿ ಕಾಮಗಾರಿಯವರ ಬಳಿಯೂ ಇಂಥ ದಾಖಲೆ ಇರಲಿಕ್ಕಿಲ್ಲ.

ಎಂಜಿನಿಯರುಗಳನ್ನು ನಾನು ಗೇಲಿ ಮಾಡುತ್ತಿಲ್ಲ. ಕೆನಡಾದ ನ್ಯೂಫೌಂಡ್‌ಲ್ಯಾಂಡ್ ಕಡೆ, ತೇಲಿ ಬರುವ ಮಂಜಿನ ಗುಡ್ಡಕ್ಕೆ ಹಗ್ಗ ಸುತ್ತಿ ಹಡಗಿನಿಂದ ಬದಿಗೆ ಎಳೆದು ದಾರಿ ತಪ್ಪಿಸುತ್ತಾರೆ. ಅಲ್ಲಿಯ ಹೈಬರ್ನಿಯಾ ಎಂಬ ಎಣ್ಣೆ ಕಟ್ಟೆಯ ಕಾಂಕ್ರೀಟ್ ಬುಡಕ್ಕೆ ಸುತ್ತಲೂ 16 ಹಲ್ಲುಗಳಿವೆ. 60 ಲಕ್ಷ ಟನ್ನಿನ ಮಂಜಿನ ಗುಡ್ಡ ಬಂದು ಗುದ್ದಿದರೂ ನಿಲ್ಲಬೇಕು ಎಂದು ಕಟ್ಟಿದ್ದು. ಅದು ನಿಜವಾದ ಕೆಲಸ. ತೊಂದರೆ ಶುರುವಾಗುವುದು ಎಂಜಿನಿಯರಿನ ಮೇಜಿನಿಂದ ಫೈಲು ಅಕೌಂಟ್ಸ್ ಕಡೆಗೆ ಹೋದಾಗ. ಅಲ್ಲಿಯ ಕ್ಯಾಲೆಂಡರಿನಲ್ಲಿ ಡಿಸೆಂಬರ್ 31 ಅಂದರೆ ಬಿರುಗಾಳಿಯ ಕಾಲ ಎಂದು ಬರೆದಿರುವುದಿಲ್ಲ, ಲೆಕ್ಕ ಮುಗಿಸುವ ದಿನ ಎಂದು ಬರೆದಿರುತ್ತದೆ.

ಇಲ್ಲಿಯ ತನಕ ನಗುತ್ತಾ ಬರೆದೆ. ಇದನ್ನು ಹಾಗೆ ಬರೆಯಲು ಆಗುವುದಿಲ್ಲ. ಕುಲ್ಲುಕ್‌ಗೆ ಒಂದು ವರ್ಷ ಮೊದಲು, 2011ರ ಡಿಸೆಂಬರ್ 18ರಂದು, ರಷ್ಯದ ಕೋಲ್ಸ್ಕಾಯಾ ಎಂಬ ರಿಗ್ಗನ್ನು ಚಳಿಗಾಲದ ಬಿರುಗಾಳಿಯಲ್ಲಿ ಒಖೋಟ್ಸ್ಕ್ ಕಡಲಿನಲ್ಲಿ ಹೀಗೇ ಎಳೆದುಕೊಂಡು ಹೋಗುತ್ತಿದ್ದರು. ಮಗುಚಿತು. ಮೇಲೆ 67 ಜನ ಇದ್ದರು. ಬದುಕಿದ್ದು 14. ಉಳಿದ 53 ಜನರನ್ನು ಎಳೆಯುವ ಹೊತ್ತಿನಲ್ಲಿ ಅದರ ಮೇಲೆ ಯಾಕೆ ಇಟ್ಟುಕೊಂಡಿದ್ದರು? ಈ ಸುದ್ದಿ ಜಗತ್ತಿಗೆಲ್ಲ ಗೊತ್ತಿತ್ತು. ಎಣ್ಣೆಯ ವ್ಯವಹಾರದಲ್ಲಿ ಇದ್ದವರಿಗಂತೂ ಗೊತ್ತೇ ಇತ್ತು. ವರ್ಷ ತುಂಬುವಾಗ ಇನ್ನೊಂದು ದೇಶದಲ್ಲಿ ಇನ್ನೊಂದು ಕಂಪನಿ ಅದೇ ತಿಂಗಳಲ್ಲಿ ಅದೇ ಥರ ಹೊರಟಿತು, 18 ಜನರನ್ನು ಮೇಲೆ ಕೂರಿಸಿಕೊಂಡು. ಇದಕ್ಕೆ ಸಾಹಸ ಅನ್ನಬೇಡಿ, ಇಂಧನ ಭದ್ರತೆ ಅನ್ನಬೇಡಿ, ಪ್ರಕೃತಿಯ ಸವಾಲು ಅನ್ನಬೇಡಿ. ಗೊತ್ತಿದ್ದೂ ಮಾಡಿದ್ದು. ಕೇಳಿ ಕೇಳಿ ಸಾಕಾಗಿದೆ.

ಬೇರೆ ಮಾತಾಡುವ. 2007ರ ಆಗಸ್ಟ್ 2ರಂದು ರಷ್ಯದವರು ಎರಡು ಪುಟ್ಟ ಮುಳುಗುನೌಕೆಗಳಲ್ಲಿ ಉತ್ತರ ಧ್ರುವದ ನೀರಿನ ಕೆಳಗೆ ನಾಲ್ಕು ಸಾವಿರ ಮೀಟರಿಗೂ ಹೆಚ್ಚು ಇಳಿದು, ಕಡಲ ತಳದಲ್ಲಿ ಟೈಟಾನಿಯಂ ಬಾವುಟ ನೆಟ್ಟು ಬಂದರು. ತುಕ್ಕು ಹಿಡಿಯಬಾರದಲ್ಲ. ಕೆನಡಾದವರಿಗೆ ಸಿಟ್ಟು ಬಂತು. ಇದೇನು 15ನೇ ಶತಮಾನವಾ ಎಂಬ ಅರ್ಥದಲ್ಲಿ ಅವರ ಮಂತ್ರಿ ಮಾತಾಡಿದರು. ನನಗೆ ಮಾತ್ರ ಹೊಟ್ಟೆ ಉರಿಯಿತು. ಗಡಿ ವಿಷಯದಲ್ಲಿ ನಮಗಿಂತ ಅನುಭವಸ್ಥರು ಯಾರು? ಚಂದ್ರಗಿರಿ ಹೊಳೆಯ ಉತ್ತರದ ಭಾಗ ಕರ್ನಾಟಕಕ್ಕೆ ಸೇರಲಿ ಎಂದು ಮಹಾಜನ ಆಯೋಗ 1967ರಲ್ಲೇ ಬರೆದುಕೊಟ್ಟಿದೆ. ಅರ್ಜಿ ಕೊಟ್ಟೆವು, ಮೆರವಣಿಗೆ ಹೋದೆವು, ಠರಾವು ಮಾಡಿದೆವು, ಸಮ್ಮೇಳನದಲ್ಲಿ ಊಟ ಮಾಡಿದೆವು. ಹೊಳೆಯ ತಳಕ್ಕಿಳಿದು ಬಾವುಟ ನೆಡುವ ಬುದ್ಧಿ ಒಬ್ಬನಿಗೂ ಬರಲಿಲ್ಲ. ಚಂದ್ರಗಿರಿ ಏನು ನಾಲ್ಕು ಸಾವಿರ ಮೀಟರ್ ಆಳ ಇಲ್ಲ. ಮೇಲಿನ ಕಡೆ ಬೇಸಿಗೆಯಲ್ಲಿ ಪಂಚೆ ಎತ್ತಿ ಕಟ್ಟಿ ದಾಟಬಹುದು. ಟೈಟಾನಿಯಂ ಕೂಡ ಬೇಡ, ಒಂದು ಅಡಕೆ ಸಲಾಕೆ ಸಾಕಿತ್ತು. ಆದರೆ ನಮ್ಮ ಹೊಳೆಯ ತಳದಲ್ಲಿ ಎಣ್ಣೆ ಇಲ್ಲ, ಬರೀ ಮರಳು. ಮರಳಿಗೆ ಬಾವುಟ ಬೇಕಾಗುವುದಿಲ್ಲ, ರಾತ್ರಿ ಹೊತ್ತು ಒಂದು ಟಿಪ್ಪರ್ ಇದ್ದರೆ ಆಯಿತು.

ಎಲ್ಲಿದ್ದೆವು? ಎಣ್ಣೆ ಚೆಲ್ಲಿದರೆ ಏನು ಗತಿ ಎಂಬುದಕ್ಕೂ ಶೆಲ್‌ನಲ್ಲಿ ಉತ್ತರ ಇತ್ತು. ಬಾವಿ ಒಡೆದರೆ ಮೇಲಿನಿಂದ ಇಳಿಸಿ ಕವಿಯುವ ಉಕ್ಕಿನ ಗುಮ್ಮಟ. 2012ರ ಸೆಪ್ಟೆಂಬರಿನಲ್ಲಿ ಅದರ ಪರೀಕ್ಷೆ ಮಾಡಿದರು. ಮಂಜಿನ ಕಡಲಿನಲ್ಲೇನೂ ಅಲ್ಲ, ದಕ್ಷಿಣಕ್ಕೆ ವಾಷಿಂಗ್ಟನ್ ರಾಜ್ಯದ ಪ್ಯುಜೆಟ್ ಸೌಂಡ್‌ನ ಶಾಂತ ನೀರಿನಲ್ಲಿ. ಗುಮ್ಮಟ ಒಮ್ಮೆ ನೀರಿನಿಂದ ಮೇಲಕ್ಕೆ ಚಿಮ್ಮಿತು, ಆಮೇಲೆ ಮುಳುಗಿ ಬಿಯರ್ ಕ್ಯಾನಿನ ಹಾಗೆ ಜಜ್ಜಿಹೋಯಿತು. ಬಿಯರ್ ಕ್ಯಾನು ನನ್ನದಲ್ಲ, ಅಲ್ಲಿಯ ಸರ್ಕಾರಿ ಅಧಿಕಾರಿಯೊಬ್ಬರು ಇಮೇಲ್‌ನಲ್ಲಿ ಬರೆದದ್ದು. ಸರ್ಕಾರಿ ಕಡತದಲ್ಲಿ ಇಷ್ಟು ಒಳ್ಳೆಯ ಗದ್ಯ ಸಿಗುವುದು ಅಪರೂಪ.

ಅದಕ್ಕಿಂತ ಚೆಂದದ್ದು 2015ರಲ್ಲಿ ಬಂತು. ಚುಕ್ಚಿಯಲ್ಲಿ ಕಂಪನಿಗಳು ಏಲಂನಲ್ಲಿ ಹಿಡಿದಿದ್ದ ಜಾಗಗಳಿಂದ ಎಣ್ಣೆ ತೆಗೆಯಲು ಹೋದರೆ, 77 ವರ್ಷಗಳ ಅವಧಿಯಲ್ಲಿ ಒಂದಾದರೂ ದೊಡ್ಡ ಸೋರಿಕೆ ಆಗುವ ಸಂಭವ ನೂರಕ್ಕೆ 75 ಎಂದು ಸರ್ಕಾರದ ಪರಿಸರ ವರದಿಯೇ ಹೇಳಿತು. ನೂರಕ್ಕೆ 75 ಅಂದರೆ ನಮ್ಮ ಶಾಲೆಯಲ್ಲಿ ಡಿಸ್ಟಿಂಕ್ಷನ್. ಆ ಮಾರ್ಕು ನೋಡಿಯೇ ಪಾಸ್ ಮಾಡಿದರೋ ಏನೋ, ಅನುಮತಿ ಸಿಕ್ಕಿತು. ಬರ್ಗರ್ ಜೆ ಎಂಬ ಹೆಸರಿನ ಬಾವಿ ಕೊರೆದರು, 6,800 ಅಡಿ. ಎಣ್ಣೆ, ಅನಿಲದ ಸುಳಿವು ಇತ್ತು, ಆದರೆ ಸಾಲದು. ಸೆಪ್ಟೆಂಬರ್ 28ಕ್ಕೆ ನಮಸ್ಕಾರ ಹೇಳಿ ಹೊರಟರು. ಜಗತ್ತಿನ ಅತಿ ದುಬಾರಿ ಬರ್ಗರ್, ಒಳಗೆ ಏನೂ ಇಲ್ಲ.

ಸಿಕ್ಕಿದ್ದರೆ? ಆ ಚಳಿಯಲ್ಲಿ ಚೆಲ್ಲಿದ ಎಣ್ಣೆ ಮಂದವಾಗುತ್ತದೆ. ಮಂಜಿನ ಅಡಿಗೆ ಸೇರಿ, ಮಂಜು ಹೋದಲ್ಲಿಗೆಲ್ಲ ಹೋಗಿ, ಮುಂದಿನ ಬೇಸಿಗೆಗೆ ಇನ್ನೆಲ್ಲೋ ಹೊರಬರುತ್ತದೆ. ಎಣ್ಣೆ ಬಳಿಯುವ ಯಂತ್ರದ ಬಾಯಿಗೆ ಮಂಜು ಕಟ್ಟುತ್ತದೆ. ಕರಾವಳಿ ಕಾವಲು ಪಡೆಯ ಕಾಯಂ ನೆಲೆ ಕೊಡಿಯಾಕ್‌ನಲ್ಲಿ, ಸುಮಾರು 1,000 ಮೈಲಿ ದೂರ.

ಧ್ರುವದ ಸುತ್ತ ಇನ್ನೂ ಪತ್ತೆಯಾಗದ 9,000 ಕೋಟಿ ಬ್ಯಾರೆಲ್ ಎಣ್ಣೆ ಇರಬಹುದು ಎಂದು ಅಮೆರಿಕದ ಭೂವಿಜ್ಞಾನ ಇಲಾಖೆ 2008ರಲ್ಲಿ ಅಂದಾಜು ಮಾಡಿತ್ತು. ಅವತ್ತಿನಿಂದ ಎಲ್ಲರಿಗೂ ನಿದ್ದೆ ಇಲ್ಲ. ಮಂಜು ಕರಗಿ ದಾರಿ ತೆರೆಯುತ್ತಿದೆ ಎಂದು ಸಂತೋಷ ಬೇರೆ. ಕರಗಿಸಿದ್ದು ಯಾವುದು ಸ್ವಾಮಿ? ಇದೇ ಎಣ್ಣೆ, ಕಲ್ಲಿದ್ದಲಿನ ಹೊಗೆ. 1979ರಿಂದ ಈಚೆಗೆ ಆ ಭಾಗ ಉಳಿದ ಭೂಮಿಗಿಂತ ಸುಮಾರು ನಾಲ್ಕು ಪಟ್ಟು ಬೇಗ ಬಿಸಿಯಾಗಿದೆ. ನೀರಲ್ಲಿ ತೇಲುವ ಮಂಜು ಕರಗಿದರೆ ಕಡಲು ಏರುವುದಿಲ್ಲ, ನೆಲದ ಮೇಲಿನದು ಕರಗಿದರೆ ಏರುತ್ತದೆ. ಎರಡನ್ನೂ ಕರಗಿಸುವ ಹೊಗೆ ಒಂದೇ. ಇಲ್ಲಿ ಉಪ್ಪಳದ ಮುಸೋಡಿಯಲ್ಲಿ ಮಳೆಗಾಲ ಬಂದರೆ ದಡ ಕುಸಿಯುತ್ತದೆ, ತೆಂಗು ಬೀಳುತ್ತದೆ. ಕಲ್ಲು ತಂದು ಸುರಿಯುತ್ತಾರೆ, ಕಲ್ಲೂ ಹೋಗುತ್ತದೆ. ಕಡಲ್ಕೊರೆತಕ್ಕೆ ಬೇರೆ ಕಾರಣಗಳೂ ಇವೆ, ಗೊತ್ತು. ಆದರೆ ಏರುವ ಕಡಲು ಯಾವ ದಡಕ್ಕೂ ಉಪಕಾರ ಮಾಡಿಲ್ಲ.

ಚೆಲ್ಲಿದ್ದನ್ನು ಬಳಿಯುವುದು ಎಷ್ಟು ಸುಲಭ ಎಂದು ನಾವು ಇಲ್ಲೇ ನೋಡಿದೆವಲ್ಲ. 2025ರ ಮೇ 25ಕ್ಕೆ ಕೊಚ್ಚಿಯ ಹೊರಗೆ ಎಂಎಸ್‌ಸಿ ಎಲ್ಸಾ 3 ಎಂಬ ಸರಕು ಹಡಗು ಮುಳುಗಿತು, 640 ಕಂಟೇನರ್ ಸಮೇತ. ತೆಂಕಣ ದಡದಲ್ಲೆಲ್ಲ ಪ್ಲಾಸ್ಟಿಕ್ ಕಾಳು. ಹದಿನೈದು ದಿನ ಆಗುವಷ್ಟರಲ್ಲಿ ಕಣ್ಣೂರಿನ ಹೊರಗೆ ವಾನ್ ಹೈ 503 ಎಂಬ ಇನ್ನೊಂದು ಹಡಗಿಗೆ ಬೆಂಕಿ. ಇದು ಬೆಚ್ಚಗಿನ ನೀರು, ಹತ್ತಿರ ಬಂದರು, ಹತ್ತಿರ ನೌಕಾಪಡೆ, ಬೆಳಿಗ್ಗೆ ಆರಕ್ಕೆ ಬೆಳಕು. ಆದರೂ ಪ್ಲಾಸ್ಟಿಕ್ ಕಾಳನ್ನು ಜನ ಕೈಯಲ್ಲಿ ಹೆಕ್ಕಿದರು. ಕೇರಳ ಸರ್ಕಾರ ಪರಿಹಾರ ಕೇಳಿದ್ದು 9,531 ಕೋಟಿ ರೂಪಾಯಿ. ಅದಕ್ಕಾಗಿ ಅದೇ ಬಳಗದ ಇನ್ನೊಂದು ಹಡಗನ್ನು ಹೈಕೋರ್ಟು ಹಿಡಿದಿಟ್ಟಿತು. ಆಮೇಲೆ ಹಡಗು ಬಿಡಲು ಕಟ್ಟಬೇಕಾದ ಭದ್ರತೆಯನ್ನು 1,227 ಕೋಟಿಗೆ ಇಳಿಸಿತು.

ಅಲಾಸ್ಕಾದ ಆ ದಡದಲ್ಲಿ ಇನ್ಯೂಪಿಯಾಟ್ ಜನ ಈಗಲೂ ತಿಮಿಂಗಿಲ ಹಿಡಿದು ಊರಿಗೆಲ್ಲ ಹಂಚಿ ತಿನ್ನುತ್ತಾರೆ. ಎಣ್ಣೆ ಬೇಡ ಎಂದವರೂ ಅವರಲ್ಲಿದ್ದಾರೆ, ಬೇಕು ಎಂದು ಕಂಪನಿಯ ಜೊತೆ ಪಾಲಿಗೆ ನಿಂತವರೂ ಇದ್ದಾರೆ. ಕೆಲಸ, ಶಾಲೆ, ಆಸ್ಪತ್ರೆ ಯಾರಿಗೆ ಬೇಡ? ಆದರೆ ಆ ಕಡಲು ಕೆಟ್ಟರೆ ಒಂದು ತಿಮಿಂಗಿಲಕ್ಕೆ ಎಷ್ಟು, ಒಂದು ಬೇಸಿಗೆಗೆ ಎಷ್ಟು? ಯಾವ ಕೋರ್ಟಿಗೆ ಹೋಗುವುದು, ಯಾರ ಹಡಗನ್ನು ಹಿಡಿದಿಡುವುದು? ಇದನ್ನೆಲ್ಲ ಮೊದಲು ಬರೆದು ಜನರ ಮುಂದೆ ಇಡಲಿ, ಆಮೇಲೆ ಏಲಂ ಬೇಕಾದಷ್ಟು ಕೂಗಲಿ.