ಮಣ್ಣಿನ ಮಾಳಿಗೆಗೆ ಸಿಮೆಂಟ್ ಬೇಡ

ನಗರ ಬಿಟ್ಟು ಹಳೆಯ ಮನೆ ಸೇರುವವರು ಮೊದಲು ಮಣ್ಣಿನ ಮಾಳಿಗೆಗೆ, ಅಂದರೆ ಮರದ ಜಂತಿಗಳ ಮೇಲೆ ಮಣ್ಣು ಹರಡಿದ ಚಾವಣಿಗೆ, ಸಿಮೆಂಟ್ ಹಾಕಿಸಬೇಕು ಎಂದು ಲೇಖನವೊಂದರಲ್ಲಿ ಓದಿದೆ. ದಯವಿಟ್ಟು ಹಾಗೆ ಮಾಡಬೇಡಿ. ಬೆಂಗಳೂರಿನ ಬಾಡಿಗೆ ಮನೆ ಖಾಲಿ ಮಾಡಿ, ಕೊಪ್ಪಳಕ್ಕೆ ಅಂಟಿಕೊಂಡಿರುವ ಭಾಗ್ಯನಗರದ ಅಜ್ಜನ ಮನೆಗೆ ಬಂದ ವರ್ಷ ನಾನೂ ಅದನ್ನೇ ಮಾಡಿಸಿದೆ. ಒಂದೇ ಬೇಸಿಗೆಗೆ ಸಿಮೆಂಟ್ ಬಿರುಕು ಬಿಟ್ಟಿತು. ಮಳೆಗಾಲದಲ್ಲಿ ಅಲ್ಲಿಂದ ಇಳಿದ ನೀರು ಆರಲು ದಾರಿಯಿಲ್ಲದೆ ಒಳಗೇ ನಿಂತು, ಅಜ್ಜ ಕೂರಿಸಿದ ಬೇವಿನ ಜಂತಿಗಳಲ್ಲಿ ಎರಡು ಕೊಳೆತುಹೋದವು. ಅವನ್ನು ಕೆಳಗಿಳಿಸಿದ ದಿನ ಅಮ್ಮ ಊಟ ಮಾಡಲಿಲ್ಲ.

ನಮ್ಮ ಕಡೆಯ ಹಿರಿಯರು ಮಳೆಗೆ ಮುಂಚೆ ಮಾಳಿಗೆಯ ಮೇಲೆ ಸವಳು ಮಣ್ಣು, ಅಂದರೆ ಕ್ಷಾರ ತುಂಬಿದ ಮಣ್ಣು, ಹರಡುತ್ತಿದ್ದರು. ಅದರಲ್ಲಿ ಸೋಡಿಯಂ ಹೆಚ್ಚು. ನೀರು ತಾಗಿದೊಡನೆ ಜೇಡಿಯ ಕಣಗಳು ಬಿಡಿಬಿಡಿಯಾಗಿ ಹರಡಿ ಸಣ್ಣ ರಂಧ್ರಗಳನ್ನೆಲ್ಲ ಮುಚ್ಚುತ್ತವೆ. ತುಂಗಭದ್ರಾ ಅಚ್ಚುಕಟ್ಟಿನಲ್ಲಿ ರೈತರನ್ನು ಗೋಳಾಡಿಸುವ, ನೀರು ಇಂಗಲು ಬಿಡದ ಈ ಗುಣವೇ ಮಾಳಿಗೆಯನ್ನು ಕಾಯುತ್ತದೆ! ಬಿಸಿಲು ಬಂದರೆ ತೇವ ಮೇಲಿನಿಂದಲೇ ಆರಿಹೋಗುತ್ತದೆ.

ಈಗ ಸಿಮೆಂಟ್ ಕೀಳಿಸಿ ಹೊಸ ಜಂತಿ ಕೂರಿಸಿದ್ದೇವೆ. ಗೋಡೆಗೂ ಸಿಮೆಂಟ್ ಬಿಟ್ಟು ಸುಣ್ಣದ ಗಾರೆಯನ್ನೇ ಬಳಸಿದೆವು. ಏಪ್ರಿಲ್ ಮಧ್ಯಾಹ್ನ ಹೊರಗೆ 40 ಡಿಗ್ರಿ ಇದ್ದರೂ ಪಡಸಾಲೆಯಲ್ಲಿ ಮಗಳು ನೆಲಕ್ಕೆ ಚಾಪೆ ಹಾಸಿ ನೆಮ್ಮದಿಯಾಗಿ ಮಲಗುತ್ತಾಳೆ. ಹಳೆಯ ಮನೆ ಸೇರಿದವರು ಒಂದು ಮಳೆಗಾಲ ಸುಮ್ಮನೆ ನೋಡಿ, ನೀರು ಎಲ್ಲಿ ಇಳಿಯುತ್ತದೆಂದು ಗುರುತು ಮಾಡಿಕೊಳ್ಳಿ. ಮಣ್ಣಿನ ಕೆಲಸ ಬಲ್ಲ ಹಿರಿಯ ಮೇಸ್ತ್ರಿಗಳು ನಮ್ಮ ಓಣಿಗಳಲ್ಲಿ ಇನ್ನೂ ಇದ್ದಾರೆ, ಅವರನ್ನು ಕೇಳಿ.