ಹಿಡಿಕೆ ತಿರುಗಿತು, ಅಗಳಿ ಕೂತಿತೇ?

ಇವತ್ತು ಗೆಳೆಯರೊಬ್ಬರು ವಿಮಾನ ನಿಲ್ಲಿಸುವ ಹ್ಯಾಂಗರ್‌ಗೆ ಹೋಗಿ ಬಂದೆ. ಸಿಟ್ಟು ಇನ್ನೂ ಇಳಿದಿಲ್ಲ. ಯಾರ ಹ್ಯಾಂಗರ್ ಎಂದು ಕೇಳಬೇಡಿ, ಹೇಳುವುದಿಲ್ಲ. ವರ್ಷಗಟ್ಟಲೆ ರಜೆಗಳನ್ನೆಲ್ಲ ಸುರಿದು, ರಿವೆಟ್ ಪಕ್ಕ ರಿವೆಟ್ ಹೊಡೆದು, ಸ್ವಂತ ಕೈಯಿಂದ ಕಟ್ಟಿದ ವಿಮಾನ ಅವರದು. ಎಂಜಿನ್ ಸುತ್ತಲಿನ ಒಂದೊಂದು ಪೈಪನ್ನೂ ಹೆಮ್ಮೆಯಿಂದ ತೋರಿಸಿದರು. ಕಂಟ್ರೋಲ್‌ಗಳ ಪ್ರತಿಯೊಂದು ನಟ್ಟಿಗೂ ಅದು ಕಳಚದಂತೆ ತಡೆಯುವ ಕಾಟರ್ ಪಿನ್ ಇತ್ತು, ಬೇಕಾದಲ್ಲೆಲ್ಲ ಅದೇ ಕೆಲಸಕ್ಕೆ ಬಿಗಿಯುವ ಸೇಫ್ಟಿ ವೈರ್ ಇತ್ತು. ಕೆಲಸ ನೋಡಿ ನಿಜಕ್ಕೂ ಸಂತೋಷಪಟ್ಟೆ. ಆಮೇಲೆ ಪೈಲಟ್ ಗಾಜಿನ ಮುಂದಿರುವ ಲಗೇಜ್ ಗೂಡಿನ ಬಾಗಿಲು ಕಣ್ಣಿಗೆ ಬಿತ್ತು. ಅದನ್ನು ಹಿಡಿದಿಟ್ಟಿರುವುದು ಒಂದೇ ಒಂದು ಕ್ಯಾಮ್ ಲಾಕ್. ಕಚೇರಿಯ ಮೇಜಿನ ಡ್ರಾಯರ್‌ಗೆ ಹಾಕುತ್ತಾರಲ್ಲ, ಅದೇ ಲಾಕ್.

"ಬಾಗಿಲು ಭದ್ರವಾಗಿದೆ ಎಂದು ನಿಮಗೆ ಹೇಗೆ ಗೊತ್ತಾಗುತ್ತದೆ?" ಎಂದು ಕೇಳಿದೆ.

"ಕೀಲಿ ತಿರುಗಿಸಿದೆನಲ್ಲ" ಎಂದರು.

ಈ ಉತ್ತರವನ್ನು ಬೇರೆ ಬೇರೆ ಬಾಯಿಂದ ಕೇಳಿ ಕೇಳಿ ನನಗೆ ಸಾಕಾಗಿದೆ. ಕೀಲಿ ತಿರುಗಿತು, ಹಿಡಿಕೆ ಅಡ್ಡ ಬಂತು, ಬಾಗಿಲು ಹಾಕಿಯಾಯಿತು! ಹಿಡಿಕೆ ಹೇಳುವುದು ಹಿಡಿಕೆಯ ಸುದ್ದಿಯನ್ನು ಮಾತ್ರ. ಒಳಗಿನ ಅಗಳಿ ಚೌಕಟ್ಟಿನ ಹಿಂದೆ ಹೋಗಿ ಕೂತಿದೆಯೋ ಇಲ್ಲವೋ ಎಂಬುದು ಅದಕ್ಕೆ ಗೊತ್ತಿರುವುದಿಲ್ಲ.

ಈ ಬಾಗಿಲುಗಳ ಒಳಮೈಯನ್ನು ಒಮ್ಮೆ ನೋಡಿ. ಹಿಡಿಕೆಗೆ ಒಂದು ಸಣ್ಣ ತೋಳು, ತೋಳಿಗೆ ಸರಳು, ಸರಳಿನ ತುದಿಗೆ ಪಿನ್. ಪ್ರತಿ ಕೂಡಿಕೆಯಲ್ಲೂ ಸ್ವಲ್ಪ ಸಡಿಲ ಇದ್ದೇ ಇರುತ್ತದೆ. ಬಾಗಿಲಾದರೋ ತೆಳು ಅಲ್ಯೂಮಿನಿಯಂ ಹಾಳೆ ಅಥವಾ ಫೈಬರ್‌ಗ್ಲಾಸ್. ಅಂಗೈಯಲ್ಲಿ ಒತ್ತಿದರೆ ಬಾಗುತ್ತದೆ. ಒಳಗೆ ತುರುಕಿದ ಚೀಲ ಒಂದು ಮೂಲೆಯನ್ನು ಹೊರಕ್ಕೆ ತಳ್ಳಿದ್ದರೆ ಪಿನ್ ತೂತಿನೊಳಗೆ ಹೋಗದೆ ಚೌಕಟ್ಟಿನ ಅಂಚಿಗೆ ಒರಗಿ ನಿಲ್ಲುತ್ತದೆ. ಆಗಲೂ ಹಿಡಿಕೆ ಪೂರ್ತಿ ತಿರುಗುತ್ತದೆ, ಏಕೆಂದರೆ ಸರಳು ಬಾಗಿಕೊಂಡು ದಾರಿ ಬಿಡುತ್ತದೆ. ಕ್ಯಾಮ್ ಲಾಕ್‌ನಲ್ಲಂತೂ ನಾಲಿಗೆಯನ್ನು ಹಿಡಿದಿರುವುದು ಹಿಂದಿನ ಒಂದು ನಟ್ಟು ಅಥವಾ ಸ್ಕ್ರೂ. ಎಂಜಿನ್ನಿನ ನಡುಕಕ್ಕೆ ಅದು ಸಡಿಲಾದರೆ ಕೀಲಿ ತಿರುಗಿದಷ್ಟು ನಾಲಿಗೆ ತಿರುಗುವುದಿಲ್ಲ. ಹೊರಗೆ ನಿಂತವರಿಗೆ ಎಲ್ಲವೂ ಸರಿಯಾಗಿಯೇ ಕಾಣುತ್ತದೆ.

ಇದೇನು ನನ್ನ ತಲೆಯಲ್ಲಿ ಹುಟ್ಟಿದ ಭಯವಲ್ಲ. 1972ರ ಜೂನ್ 12ರಂದು ಡೆಟ್ರಾಯಿಟ್‌ನಿಂದ ಹೊರಟ ಅಮೆರಿಕನ್ ಏರ್‌ಲೈನ್ಸ್‌ನ ಡಿಸಿ-10 ವಿಮಾನದ ಹಿಂಬದಿಯ ಸರಕು ಬಾಗಿಲು ಕೆನಡಾದ ವಿಂಡ್ಸರ್ ನಗರದ ಮೇಲೆ ಹಾರಿಹೋಯಿತು. ಆ ದಿನ ಬಾಗಿಲು ಹಾಕಿದ ಕೆಲಸಗಾರ, ಹಿಡಿಕೆ ಬಿಗಿಯಾಗಿದ್ದರಿಂದ ಮೊಣಕಾಲು ಕೊಟ್ಟು ಒತ್ತಿದ್ದ. ಒಳಗಿನ ಕೊಕ್ಕೆಗಳು ಪೂರ್ತಿ ಕೂತಿರಲಿಲ್ಲ. ಕೊಕ್ಕೆ ಕೂರದಿದ್ದರೆ ಹಿಡಿಕೆ ಮುಚ್ಚಲೇಬಾರದು ಎಂಬುದು ವಿನ್ಯಾಸದ ಉದ್ದೇಶ. ಆದರೆ ನಡುವಿನ ಸರಳುಗಳು ಬಾಗಿದವು, ಹಿಡಿಕೆ ಮುಚ್ಚಿತು, ಕಾಕ್‌ಪಿಟ್‌ನ ಎಚ್ಚರಿಕೆ ದೀಪವೂ ಆರಿತು. ಪೈಲಟ್‌ಗಳ ಕೌಶಲದಿಂದ ಅಂದು ಎಲ್ಲರೂ ಬದುಕಿದರು. ಎರಡು ವರ್ಷವೂ ತುಂಬಿರಲಿಲ್ಲ, 1974ರ ಮಾರ್ಚ್ 3ರಂದು ಪ್ಯಾರಿಸ್‌ನ ಓರ್ಲಿಯಿಂದ ಹೊರಟ ಟರ್ಕಿಶ್ ಏರ್‌ಲೈನ್ಸ್‌ನ ಡಿಸಿ-10ರಲ್ಲಿ ಅದೇ ಬಾಗಿಲು ಕಿತ್ತುಹೋಗಿ, ಕ್ಯಾಬಿನ್ನಿನ ನೆಲ ಕುಸಿದು, ಬಾಲದ ಕಡೆಗೆ ಹೋಗುವ ನಿಯಂತ್ರಣ ಕೇಬಲ್‌ಗಳು ಹಾಳಾದವು. 346 ಜನ ಸತ್ತರು. ಆ ಬಾಗಿಲಿನಲ್ಲಿ ಪಿನ್ ಕೂತಿದೆಯೇ ಎಂದು ಇಣುಕಿ ನೋಡಲು ಒಂದು ಪುಟ್ಟ ಕಿಂಡಿಯಿತ್ತು. ಅಂದು ಅದರಲ್ಲಿ ಯಾರೂ ಇಣುಕಲಿಲ್ಲ.

"ಅದೆಲ್ಲ ಒಳಗೆ ಒತ್ತಡ ತುಂಬಿದ ದೊಡ್ಡ ವಿಮಾನಗಳ ಕಥೆ, ನಮ್ಮ ಪುಟ್ಟ ವಿಮಾನಕ್ಕೂ ಅದಕ್ಕೂ ಏನು ಸಂಬಂಧ?" ಎಂದು ಗೆಳೆಯರು ಕೇಳಿದರು. ಸಂಬಂಧ ಇದೆ. ನಮ್ಮ ವಿಮಾನದಲ್ಲಿ ಒಳಗಿನ ಒತ್ತಡ ಬಾಗಿಲನ್ನು ತಳ್ಳುವುದಿಲ್ಲ, ಹೊರಗಿನ ಗಾಳಿ ಎಳೆಯುತ್ತದೆ. ಉಬ್ಬಿದ ಮೈಯ ಮೇಲೆ ಗಾಳಿ ವೇಗವಾಗಿ ಹರಿದಾಗ ಅಲ್ಲಿ ಒತ್ತಡ ಇಳಿಯುತ್ತದೆ. ಗೂಡಿನೊಳಕ್ಕೆ ಬಿರುಕುಗಳಿಂದ ಗಾಳಿ ನುಗ್ಗಿದರೆ ಎಳೆತ ಇನ್ನೂ ಹೆಚ್ಚು. ಲೆಕ್ಕ ಸುಲಭ. 60 ಸೆಂಟಿಮೀಟರ್ ಅಗಲ, 40 ಸೆಂಟಿಮೀಟರ್ ಎತ್ತರದ ಬಾಗಿಲು. 150 ನಾಟ್ (ಗಂಟೆಗೆ ಸುಮಾರು 278 ಕಿಲೋಮೀಟರ್) ವೇಗದಲ್ಲಿ ಸಮುದ್ರಮಟ್ಟದ ಗಾಳಿಯ ಚಲನ ಒತ್ತಡ ಸುಮಾರು 3,650 ಪಾಸ್ಕಲ್. ಬಾಗಿಲಿನ ಒಳಗೂ ಹೊರಗೂ ಅದರ ಅರ್ಧದಷ್ಟು ವ್ಯತ್ಯಾಸವಿದೆ ಎಂದು ಹಿಡಿದರೆ ಬಾಗಿಲನ್ನು ಹೊರಕ್ಕೆ ಎಳೆಯುವ ಬಲ ಸುಮಾರು 45 ಕಿಲೋ ತೂಕಕ್ಕೆ ಸಮ. 75 ನಾಟ್‌ನಲ್ಲಿ ಅದು ಬರೀ 11 ಕಿಲೋ. ವೇಗ ಇಮ್ಮಡಿಯಾದರೆ ಎಳೆತ ನಾಲ್ಕು ಪಟ್ಟು. ರನ್‌ವೇ ಸುತ್ತ ನಿಧಾನವಾಗಿ ನಾಲ್ಕು ಸುತ್ತು ಹಾಕಿ "ನೋಡಿ, ಏನೂ ಆಗಲಿಲ್ಲ" ಎನ್ನುವವರು ಈ ನಾಲ್ಕು ಪಟ್ಟನ್ನು ಮರೆಯುತ್ತಾರೆ. ಅರ್ಧ ಕೂತ ಪಿನ್ 11 ಕಿಲೋ ತಡೆಯುತ್ತದೆ. ಪೂರ್ಣ ವೇಗದಲ್ಲಿ ಬಾಗಿಲಿನ ನಡುಭಾಗ ಉಬ್ಬಿ ಅಂಚು ಸರಿದಾಗ ಅದೇ ಪಿನ್ ಜಾರುತ್ತದೆ.

ಮೇಲಂಚಿನಲ್ಲಿ ಕೀಲು (ಹಿಂಜ್) ಇರುವ ಬಾಗಿಲುಗಳ ವಿಷಯದಲ್ಲಿ ನನಗೆ ಇನ್ನೊಂದು ತಕರಾರಿದೆ. ಅವು ಚಿಲಕ ಹಾಕದಿದ್ದರೂ ತಮ್ಮ ಭಾರಕ್ಕೇ ಕೆಳಗಿಳಿದು ಅಚ್ಚುಕಟ್ಟಾಗಿ ಮುಚ್ಚಿದಂತೆ ಕೂತುಬಿಡುತ್ತವೆ. ಹಾರುವ ಮೊದಲು ವಿಮಾನವನ್ನು ಸುತ್ತುವವರ ಕಣ್ಣಿಗೆ ತಪ್ಪೇ ಕಾಣುವುದಿಲ್ಲ. ಕೆಳಗೆ ಕೀಲಿದ್ದರೆ ಚಿಲಕವಿಲ್ಲದ ಬಾಗಿಲು ನೇತಾಡಿ ತಾನೇ ಸುದ್ದಿ ಹೇಳುತ್ತದೆ. ಮುಂದಿನ ಅಂಚಿನಲ್ಲಿ ಕೀಲಿದ್ದರೆ ತೆರೆದುಕೊಂಡರೂ ಎದುರುಗಾಳಿ ಅದನ್ನು ಮೈಗೇ ಒತ್ತಿ ಹಿಡಿಯುತ್ತದೆ. ಹಿಂದಿನ ಅಂಚಿನಲ್ಲಿ ಕೀಲಿಟ್ಟ ಬಾಗಿಲನ್ನು ಗಾಳಿ ಬಾಯಿ ಹಾಕಿ ಕಿತ್ತೇ ಹಾಕುತ್ತದೆ. ಕೀಲು ಎಲ್ಲಿರಬೇಕೆಂದು ನಕ್ಷೆಯ ಹಂತದಲ್ಲೇ ಯೋಚಿಸದವರು ಆಮೇಲೆ ಚಿಲಕದಿಂದ ಅದ್ಭುತ ನಿರೀಕ್ಷಿಸುತ್ತಾರೆ.

ಇನ್ನು ಎಲ್ಲರೂ ಎತ್ತುವ ಮಾತು: ಲಗೇಜ್ ಬಾಗಿಲು ತೆರೆದ ಮಾತ್ರಕ್ಕೆ ವಿಮಾನ ಬೀಳುವುದಿಲ್ಲ. ಅಮೆರಿಕದ ವಿಮಾನಯಾನ ನಿಯಂತ್ರಣ ಸಂಸ್ಥೆ ಎಫ್‌ಎಎ ಹೊರತರುವ ವಿಮಾನ ಚಾಲನೆಯ ಕೈಪಿಡಿಯೂ ಬಾಗಿಲು ತೆರೆದುಕೊಳ್ಳುವುದಕ್ಕಿಂತ ಆ ಕ್ಷಣದಲ್ಲಿ ಪೈಲಟ್ ಏನು ಮಾಡುತ್ತಾನೆ ಎಂಬುದೇ ಹೆಚ್ಚು ಅಪಾಯದ್ದು ಎನ್ನುತ್ತದೆ. ಒಪ್ಪುತ್ತೇನೆ. ಹಾಗಾದರೆ ಆ ಕ್ಷಣವನ್ನೇ ಯೋಚಿಸಿ. ಚಕ್ರ ನೆಲ ಬಿಟ್ಟಿದೆ, ಎಂಜಿನ್ ಪೂರ್ಣ ಬಲದಲ್ಲಿದೆ, ಇದ್ದಕ್ಕಿದ್ದಂತೆ ಕಣ್ಣ ಮುಂದೆಯೇ ಒಂದು ತಗಡು ಎದ್ದು ಬಡಿದುಕೊಳ್ಳುತ್ತಿದೆ. ಪಕ್ಕದಲ್ಲೋ ಹಿಂದೆಯೋ ಕೂತವರು ಚೀರುತ್ತಾರೆ. ಬೇಗ ಇಳಿಯಬೇಕೆಂಬ ಒಂದೇ ಯೋಚನೆಯಲ್ಲಿ ಕಡಿಮೆ ಎತ್ತರದಲ್ಲಿ ವಿಮಾನವನ್ನು ಕಡಿದಾಗಿ ತಿರುಗಿಸುತ್ತೀರಿ. 55 ನಾಟ್‌ಗೆ ಸ್ಟಾಲ್ ಆಗುವ, ಅಂದರೆ ರೆಕ್ಕೆಗಳು ಎತ್ತಿ ಹಿಡಿಯುವ ಬಲ ಕಳೆದುಕೊಳ್ಳುವ, ವಿಮಾನ, ಎತ್ತರ ಬಿಡದೆ 45 ಡಿಗ್ರಿ ವಾಲಿಸಿ ತಿರುಗಿದರೆ 65ಕ್ಕೇ ಸ್ಟಾಲ್ ಆಗುತ್ತದೆ, 60 ಡಿಗ್ರಿ ವಾಲಿಸಿದರೆ 78ಕ್ಕೆ. ಆ ಎತ್ತರದಲ್ಲಿ ಸ್ಟಾಲ್ ಆದರೆ ಸರಿಪಡಿಸಿಕೊಳ್ಳಲು ಜಾಗವಿಲ್ಲ. ಬಾಗಿಲು ತೆರೆದುಕೊಂಡರೆ ಮೊದಲು ವಿಮಾನ ಹಾರಿಸಿ, ಬಾಗಿಲನ್ನು ಮರೆತುಬಿಡಿ, ಮಾಮೂಲಿನಂತೆ ಸುತ್ತು ಹಾಕಿ ಇಳಿಯಿರಿ ಎಂದು ನಾನೂ ಎಲ್ಲರಿಗೂ ಹೇಳುತ್ತೇನೆ. ಆದರೆ ಮನುಷ್ಯನ ಧೈರ್ಯವನ್ನು ನಂಬಿ ಚಿಲಕವನ್ನು ಸಡಿಲ ಬಿಡುವುದು ಯಾವ ಸೀಮೆಯ ಎಂಜಿನಿಯರಿಂಗ್?

ಅಷ್ಟೇ ಅಲ್ಲ, ಬಾಗಿಲು ಒಂದೇ ಹೋಗುವುದಿಲ್ಲ. ಗೂಡಿನಲ್ಲಿ ವಿಮಾನದ ಹೊದಿಕೆ, ಅದರ ಉದ್ದುದ್ದ ಪಟ್ಟಿಗಳು, ಕಟ್ಟುವ ಹಗ್ಗ, ಆಯಿಲ್ ಡಬ್ಬಿ, ಎಳೆಯುವ ಕಬ್ಬಿಣದ ಸರಳು ಎಲ್ಲ ಇರುತ್ತವೆ. ಮುಂದಿನ ಗೂಡಿನಿಂದ ಹೊರಬಿದ್ದರೆ ಅವು ಪೈಲಟ್ ಎದುರಿನ ಗಾಜಿಗೆ ಬಡಿಯುತ್ತವೆ. ಹಿಂದಿನ ಗೂಡಿನದಾದರೆ ಬಾಲದ ಕಡೆಗೆ ಹೋಗುತ್ತವೆ. ವಿಮಾನದ ಮೂಗನ್ನು ಏರಿಸಿ ಇಳಿಸಲು ಬಾಲದಲ್ಲಿರುವ ಚಲಿಸುವ ಹಲಗೆಯೇ ಎಲಿವೇಟರ್. ಎಲಿವೇಟರ್‌ನ ಸಂದಿಗೆ ಒಂದು ಪಟ್ಟಿ ಸಿಕ್ಕಿಕೊಂಡರೆ ಏನಾಗುತ್ತದೆ ಎಂಬುದನ್ನು ವಿಮಾನ ಕಟ್ಟಿದವರಿಗೆ ನಾನು ವಿವರಿಸಬೇಕೇ? ನನಗೆ ಇದು ನಿಜವಾಗಿಯೂ ಭಯ ಹುಟ್ಟಿಸುತ್ತದೆ. ಎಂಜಿನ್ ನಿಂತರೆ ಏನು ಮಾಡಬೇಕೆಂದು ಕಲಿತಿದ್ದೇನೆ, ಅಭ್ಯಾಸ ಮಾಡಿದ್ದೇನೆ. ಎಲಿವೇಟರ್ ಅಲುಗದಿದ್ದರೆ ಏನು ಮಾಡಬೇಕೆಂದು ಅಷ್ಟು ನಿಶ್ಚಿಂತೆಯಿಂದ ಹೇಳಲಾರೆ. ಕೆಲವು ರಾತ್ರಿ ಈ ಯೋಚನೆಯಿಂದಲೇ ಎಚ್ಚರವಾಗುತ್ತದೆ.

ಮನೆಯಲ್ಲೇ ಜೋಡಿಸುವ ವಿಮಾನಗಳ ಬಿಡಿಭಾಗ ಕೊಡುವ ಕಿಟ್ ತಯಾರಕರು ಈ ಪಾಠ ಕಲಿತಿಲ್ಲವೆಂದಲ್ಲ. ಇಂಥದೊಂದು ಕಿಟ್ ವಿಮಾನವಾದ ಆರ್‌ವಿ-10ರಲ್ಲಿ ಮೇಲಕ್ಕೆ ತೆರೆಯುವ ಕ್ಯಾಬಿನ್ ಬಾಗಿಲುಗಳು ಹಾರಾಟದಲ್ಲಿ ಕಿತ್ತುಹೋದ ಪ್ರಸಂಗಗಳಾದ ಮೇಲೆ ವ್ಯಾನ್ಸ್ ಕಂಪನಿ ಆ ಬಾಗಿಲುಗಳಿಗೆ ಎರಡನೆಯ ಸುರಕ್ಷತಾ ಚಿಲಕವನ್ನು ತಂದಿತು. ಕಾರಿನ ಬಾನೆಟ್ಟನ್ನೇ ನೋಡಿ: ಒಳಗಿನಿಂದ ಎಳೆದರೂ ಅದು ಪೂರ್ತಿ ತೆರೆಯುವುದಿಲ್ಲ, ಬೆರಳು ತೂರಿಸಿ ಇನ್ನೊಂದು ಕೊಕ್ಕೆ ಬಿಡಿಸಬೇಕು. ರಸ್ತೆಯ ಮೇಲೆ ಓಡುವ ವಾಹನಕ್ಕೆ ಎರಡು ಕೊಕ್ಕೆ ಬೇಕು, ಆಕಾಶದಲ್ಲಿ ಅದಕ್ಕಿಂತ ವೇಗವಾಗಿ ಹೋಗುವುದಕ್ಕೆ ಒಂದು ಡ್ರಾಯರ್ ಲಾಕ್ ಸಾಕೇ?

ಏನು ಮಾಡಬೇಕೆಂದು ಗೆಳೆಯರಿಗೆ ಅಲ್ಲೇ ನಿಂತು ಹೇಳಿದೆ, ಇಲ್ಲೂ ಹೇಳುತ್ತೇನೆ. ಒಂದರ ಮೇಲೊಂದು ಅವಲಂಬಿಸದ ಎರಡು ಚಿಲಕ ಇರಲಿ. ಒಂದೇ ಹಿಡಿಕೆಯಿಂದ ಎರಡು ಪಿನ್ ಓಡಿಸಿದರೆ ಅದು ಎರಡಾಗುವುದಿಲ್ಲ. ಪಿನ್ನಿನ ತುದಿ ಚೌಕಟ್ಟನ್ನು ದಾಟಿ ಹೊರಬಂದದ್ದು ಕಣ್ಣಿಗೆ ಕಾಣುವಂತೆ ಒಂದು ಕಿಂಡಿ ಕೊರೆಯಿರಿ, ತುದಿಗೆ ಎದ್ದು ಕಾಣುವ ಬಣ್ಣ ಹಚ್ಚಿ. ಎಚ್ಚರಿಕೆ ದೀಪ ಹಾಕುವುದಾದರೆ ಅದರ ಮೈಕ್ರೋ ಸ್ವಿಚ್ಚನ್ನು ಪಿನ್ನೇ ಒತ್ತಬೇಕು. ಬಹಳಷ್ಟು ಜನ ಬಾಗಿಲಿನ ಅಂಚಿಗೆ ಒಂದು ಆಯಸ್ಕಾಂತ ಅಂಟಿಸಿ ಕೆಲಸ ಮುಗಿಸುತ್ತಾರೆ. ಬಾಗಿಲು ಚೌಕಟ್ಟಿನ ಹತ್ತಿರ ಬಂದರೆ ಸಾಕು, ಆ ದೀಪ ಆರಿಬಿಡುತ್ತದೆ. ಹಿಡಿಕೆ ಹೇಳಿದ ಸುಳ್ಳನ್ನೇ ಅದೂ ಹೇಳುತ್ತದೆ. ತಿರುಗುವ ಬೋಲ್ಟ್‌ಗಳಿಗೆ ನೈಲಾನ್ ಉಂಗುರದ ನಟ್ಟನ್ನು ಮಾತ್ರ ನಂಬಬೇಡಿ, ಪಿನ್ ತೂರಿಸಲು ಸೀಳುಗಳಿರುವ ಕ್ಯಾಸಲ್ ನಟ್ಟು ಮತ್ತು ಕಾಟರ್ ಪಿನ್ ಹಾಕಿ. ಕಂಟ್ರೋಲ್‌ಗಳಿಗೆ ಪಾಲಿಸುವ ಈ ನಿಯಮ ಬಾಗಿಲಿಗೆ ಬಂದಾಗ ಏಕೆ ಮರೆತುಹೋಗುತ್ತದೆ? ಲಗೇಜ್ ಬಾಗಿಲಿನ ಕೀಲಿಯನ್ನು ಎಂಜಿನ್ ಕೀಲಿಯ ಗೊಂಚಲಿಗೇ ಸೇರಿಸಿ, ಬೀಗ ಬಿದ್ದಾಗ ಮಾತ್ರ ಕೀಲಿ ಹೊರಬರುವ ಲಾಕ್ ಆರಿಸಿಕೊಳ್ಳಿ. ಬಾಗಿಲಿನಲ್ಲಿ ಕೀಲಿ ಮರೆತರೆ ಎಂಜಿನ್ ಶುರುವಾಗುವುದೇ ಇಲ್ಲ. ಬೀಗ ಬಿದ್ದಿದೆ ಎಂದಷ್ಟೇ ಕೀಲಿ ಹೇಳುತ್ತದೆ, ಪಿನ್ ಕೂತಿದೆಯೆಂದು ಹೇಳುವುದಿಲ್ಲ. ಕಿಂಡಿಯಲ್ಲಿ ಇಣುಕುವ ಕೆಲಸ ಆಗಲೂ ಬಾಕಿ ಇರುತ್ತದೆ.

"ತೂಕ ಹೆಚ್ಚುತ್ತದೆ" ಎಂದರು. ಇದಕ್ಕೆ ನಾನು ಉತ್ತರವನ್ನೇ ಕೊಡಲಿಲ್ಲ. ಬಣ್ಣದ ಮೇಲೆ ಬಣ್ಣ ಬಳಿಯುವಾಗ ತೂಕ ನೆನಪಾಗಲಿಲ್ಲವಲ್ಲ.

"ನಿಯಮದಲ್ಲಿ ಹಾಗೇನೂ ಇಲ್ಲವಲ್ಲ" ಎಂಬುದು ಅವರ ಕೊನೆಯ ಮಾತಾಗಿತ್ತು, ನನಗೆ ಹೆಚ್ಚು ನೋವಾದದ್ದೂ ಅದಕ್ಕೇ. ಕಾರ್ಖಾನೆಯಲ್ಲಿ ತಯಾರಾಗುವ ವಿಮಾನದ ಬಾಗಿಲು ಹಾರಾಟದಲ್ಲಿ ಅಕಸ್ಮಾತ್ತಾಗಿ ತೆರೆದುಕೊಳ್ಳಬಾರದೆಂದು ಪ್ರಮಾಣೀಕರಣದ ನಿಯಮಗಳು ಕೇಳುತ್ತವೆ. ಹವ್ಯಾಸಿಗಳು ಕಟ್ಟಿದ ವಿಮಾನಕ್ಕೆ ಆ ಕಟ್ಟುಪಾಡಿಲ್ಲ. ಅಮೆರಿಕದಲ್ಲಿ ಇಂಥ ವಿಮಾನದೊಳಗೆ, ಇದು ಸಾಮಾನ್ಯ ವಿಮಾನಗಳ ಸುರಕ್ಷತಾ ನಿಯಮಗಳಿಗೆ ಒಳಪಟ್ಟಿಲ್ಲ ಎಂದು ಪ್ರಯಾಣಿಕರಿಗೆ ಕಾಣುವಂತೆ ಫಲಕ ಹಾಕುತ್ತಾರೆ. ಆದರೆ ಫಲಕ ಓದಿ ಒಳಗೆ ಕೂರುವವರು ನಿಮ್ಮ ಮಗಳೋ ತಮ್ಮನೋ ಆಗಿರುತ್ತಾರೆ. ಅವರು ಚಿಲಕ ನೋಡಿ ಹತ್ತುವುದಿಲ್ಲ, ನಿಮ್ಮ ಮುಖ ನೋಡಿ ಹತ್ತುತ್ತಾರೆ.

ಗೆಳೆಯರು ಈ ವಾರ ಹಾರುವುದಿಲ್ಲ ಎಂದು ಒಪ್ಪಿದ್ದಾರೆ. ಬಾಗಿಲನ್ನು ಬಿಚ್ಚಿ ಮೇಜಿನ ಮೇಲೆ ಮಲಗಿಸಿ ಬಂದಿದ್ದೇನೆ. ವಿಮಾನ ಕಟ್ಟುತ್ತಿರುವ ಉಳಿದವರು ನಿಮ್ಮ ಲಗೇಜ್ ಬಾಗಿಲಿನ ಒಳಮೈಯ ಚಿತ್ರ ತೆಗೆದು ನನಗೆ ಕಳಿಸಿ. ಹೊರಗಿನ ಹಿಡಿಕೆಯ ಚಿತ್ರ ಬೇಡ. ಪಿನ್ ಚೌಕಟ್ಟನ್ನು ದಾಟಿದ ಜಾಗ ಕಾಣಬೇಕು. ಆ ಜಾಗ ಕ್ಯಾಮೆರಾಕ್ಕೆ ಕಾಣುತ್ತಿಲ್ಲ ಎಂದಾದರೆ ಮೊದಲು ಕಿಂಡಿ ಕೊರೆಯಿರಿ, ಚಿತ್ರ ಆಮೇಲೆ ಕಳಿಸಿದರಾಯಿತು.