ಹುಣಸೆಹಣ್ಣಿನಲ್ಲಿ ಮಿಂದ ಟೈಬೀರಿಯಸ್

ಈಗಷ್ಟೇ ಒಂದು ಫೋಟೊ ನೋಡಿ ತಲೆ ಕೆಟ್ಟಿದೆ. ರೋಮ್‌ನ ಟೈಬೀರಿಯಸ್ ಚಕ್ರವರ್ತಿಯ ಡಿನೇರಿಯಸ್ ಎಂಬ ಬೆಳ್ಳಿ ನಾಣ್ಯ, ಹಬ್ಬದ ಹಿಂದಿನ ದಿನ ಹುಣಸೆಹಣ್ಣು ಹಾಕಿ ತಿಕ್ಕಿದ ಆರತಿ ತಟ್ಟೆಯ ಹಾಗೆ ಫಳಫಳ. ಕೆಳಗೆ ‘ನಿಧಿಯಲ್ಲಿ ಸಿಕ್ಕ ಅಸಲಿ ರೋಮನ್ ನಾಣ್ಯ’. ಯಾವ ನಿಧಿ? ಎಲ್ಲಿ, ಯಾವಾಗ ಸಿಕ್ಕಿದ್ದು? ಅದೊಂದು ಬಿಟ್ಟು ಉಳಿದದ್ದೆಲ್ಲ ಬರೆದಿದ್ದಾರೆ.

ಎಲ್ಲಿ, ಯಾವಾಗ ಸಿಕ್ಕಿತೆಂದು ಹೇಳುವ ಚೀಟಿ ಇಲ್ಲದಿದ್ದರೆ ಅದು ನಿಧಿಯ ನಾಣ್ಯ ಅಲ್ಲ ಸ್ವಾಮಿ, ಮೂರೂಮುಕ್ಕಾಲು ಗ್ರಾಂ ಬೆಳ್ಳಿ.

ಇಂಗ್ಲೆಂಡಿನಲ್ಲಿ 1996ರ ಕಾನೂನಿನ ಪ್ರಕಾರ 300 ವರ್ಷಕ್ಕಿಂತ ಹಳೆಯ ಎರಡು ಬೆಳ್ಳಿ ನಾಣ್ಯ ಒಂದೇ ಕಡೆ ಸಿಕ್ಕರೂ 14 ದಿನದೊಳಗೆ ಅಲ್ಲಿನ ವಿಚಾರಣಾಧಿಕಾರಿ ಕರೋನರ್‌ಗೆ ತಿಳಿಸಬೇಕು. ಪ್ರಕರಣಕ್ಕೊಂದು ಸಂಖ್ಯೆ ಬೀಳುತ್ತದೆ. ಅಲ್ಲಿನ ಫ್ರೋಮ್ ಊರಿನ ಬಳಿ ಸಿಕ್ಕ ರೋಮನ್ ನಿಧಿಯದು 2010 ಟಿ272. ಮ್ಯೂಸಿಯಂಗಳು ಬೇಡ ಎಂದ ನಾಣ್ಯಗಳು ಸಿಕ್ಕವರ ಕೈಗೆ ಮರಳಿ, ಎಷ್ಟೋ ಸಲ ಹರಾಜಿಗೆ ಹೋಗುತ್ತವೆ. ಕೊಳ್ಳುವುದಿದ್ದರೆ ಅಂಥದ್ದನ್ನು ಕೊಳ್ಳಿ. ದಾಖಲೆಯ ಫೋಟೊ ಪಕ್ಕದಲ್ಲಿಟ್ಟುಕೊಂಡು ರಾಜನ ಮುಖ ಬಿಟ್ಟು ಅಂಚು ನೋಡಿ. ಒಂದೊಂದನ್ನೂ ಕೈಯಲ್ಲಿ ಬಡಿದು ಮುದ್ರೆ ಒತ್ತಿದ್ದು; ಅಂಚಿನ ಬಿರುಕು, ಪಕ್ಕಕ್ಕೆ ಸರಿದ ಅಚ್ಚು ಇನ್ನೊಂದರಲ್ಲಿ ಹಾಗೇ ಇರುವುದಿಲ್ಲ. ಎರಡು ನಾಣ್ಯದ ಅಂಚು ಪಡಿಯಚ್ಚಾಗಿದ್ದರೆ ಎರಕದ ನಕಲಿ ಅಂತಲೇ ಅನುಮಾನಿಸಿ. ಆಮೇಲೆ ತೂಕ, ಗ್ರಾಮಿನ ಎರಡು ದಶಾಂಶದವರೆಗೆ. ದಾಖಲೆಗಿಂತ ಕಡಿಮೆ ಬಂದರೆ ಯಾರೋ ಆಸಿಡ್‌ನಲ್ಲಿ ಅದ್ದಿರಬಹುದು.

ತಿಕ್ಕುವ ವಿಷಯಕ್ಕೆ ಬಂದರೆ ನನಗೆ ಬಿಪಿ ಏರುತ್ತದೆ. ಮಣ್ಣಿನ ಉಪ್ಪಿನಂಶ ಸೇರಿ ಬೆಳ್ಳಿಯ ಮೇಲೆ ಸಿಲ್ವರ್ ಕ್ಲೋರೈಡಿನ ಕಂದು ಪೊರೆ ಕಟ್ಟಿರುತ್ತದೆ. ಎಷ್ಟೋ ಸಲ ಅಕ್ಷರ ಉಳಿದಿರುವುದೇ ಆ ಪೊರೆಯಲ್ಲಿ. ಅದು ಕಿತ್ತರೆ ಅಕ್ಷರವೂ ಹೋಯಿತು. ಸಾಲದ್ದಕ್ಕೆ ಎರಡು ಸಾವಿರ ವರ್ಷದ ಬೆಳ್ಳಿ ಒಳಗೊಳಗೇ ಪೆಡಸಾಗಿರುತ್ತದೆ, ಕೈಜಾರಿದರೆ ಹಪ್ಪಳದ ಹಾಗೆ ಎರಡು ತುಂಡು. ಡಿಸ್ಟಿಲ್ಡ್ ನೀರಿನಲ್ಲಿ ನೆನೆಸಿ ಮಣ್ಣು ಬಿಡಿಸಿ, ಚೆನ್ನಾಗಿ ಒಣಗಿಸಿ, ಸಾಕು. ಪಿವಿಸಿ ಕವರಿನಲ್ಲಿ ಮಾತ್ರ ಇಡಬೇಡಿ, ಹಸಿರು ಅಂಟು ಹಿಡಿಯುತ್ತದೆ. ಹೊಳಪು ನನಗೂ ಇಷ್ಟವೇ, ಸುಳ್ಳು ಯಾಕೆ. ಆದರೆ ಅದಕ್ಕೆ ಕಾಲುಂಗುರ ಇದೆಯಲ್ಲ!

‘ಮ್ಯೂಸಿಯಂನಲ್ಲಿ ಧೂಳು ತಿನ್ನೋದಕ್ಕಿಂತ ನಮ್ಮ ಕೈಗೆ ಬಂದರೆ ತಪ್ಪೇನು?’ ಅನ್ನುವವರಿದ್ದಾರೆ. ಬರಲಿ, ಚೀಟಿ ಸಮೇತ ಬರಲಿ. ನಮ್ಮ ಬೆಂಗಳೂರಿನದೇ ನೋಡಿ: 1891ರಲ್ಲಿ ಯಶವಂತಪುರದಲ್ಲಿ 163 ಡಿನೇರಿಯಸ್, 1965ರಲ್ಲಿ ಎಚ್‌ಎಎಲ್ ಕಡೆ 256. ಹೆಚ್ಚಿನವು ನೀರೊ ಚಕ್ರವರ್ತಿಗಿಂತ ಹಿಂದಿನ ಅಗಸ್ಟಸ್, ಟೈಬೀರಿಯಸ್ ಕಾಲದವು. ಕ್ರಿ.ಶ. 64ರಲ್ಲಿ ನೀರೊ ನಾಣ್ಯದ ತೂಕವನ್ನೂ ಬೆಳ್ಳಿಯನ್ನೂ ಇಳಿಸಿದ; ನಮ್ಮ ವ್ಯಾಪಾರಿಗಳು ಹಳೆಯ ಗಟ್ಟಿ ನಾಣ್ಯವನ್ನೇ ಆರಿಸಿಕೊಂಡರು ಅನ್ನುವ ವಾದ ಹುಟ್ಟಿದ್ದು ಇಂಥ ಗಂಟುಗಳನ್ನು ಇಡಿಯಾಗಿ ಎಣಿಸಿದ್ದರಿಂದ. ಒಂದೊಂದಾಗಿ ಜೇಬಿಗೆ ಸೇರಿದ್ದರೆ ಆ ವಾದಕ್ಕೆ ತಳಪಾಯವೇ ಇರುತ್ತಿರಲಿಲ್ಲ.

ಅಂದಹಾಗೆ, ಇಲ್ಲಿ ಪಾಯ ಅಗೆಯುವಾಗ ಸಿಕ್ಕರೆ ಕರ್ನಾಟಕದ್ದೇ 1962ರ ನಿಧಿ ಕಾನೂನು ಇದೆ. ಸಿಕ್ಕ ನಿಧಿಯನ್ನು ಕಲೆಕ್ಟರ್‌ಗೆ ತಿಳಿಸಬೇಕು. ನಾಣ್ಯ ಕಲೆಕ್ಟ್ ಮಾಡುವ ಕಲೆಕ್ಟರ್‌ಗಲ್ಲ, ಡಿಸಿ ಸಾಹೇಬರಿಗೆ.

ಫೋಟೊ ಹಾಕಿದವರಿಗೆ ‘ಚೀಟಿ ಇದೆಯೇ ಸರ್?’ ಅಂತ ಕೇಳಿದ್ದೇನೆ. ಒಂದು ಹಾರ್ಟ್ ಒತ್ತಿ ಸುಮ್ಮನಾಗಿದ್ದಾರೆ.